ಷಡ್ಡಕ ಅನ್ನೋ ಪದವೂ ಮೂವರು ಎಲಿಜಬೆತ್‌ಗಳೂ

ಹದಿನಾಲ್ಕನೇ ಶತಮಾನದ ಇಂಗ್ಲೆಂಡಿನ ಜಮೀನ್ದಾರಿಣಿ ಎಲಿಜಬೆತ್ ಡಿ ಕ್ಲೇರ್‌ಳ ವಂಶವೃಕ್ಷ ಕೊನೆಗೂ ಸರಿಹೋಯಿತು. ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. "ಇಂಗ್ಲಿಷ್ ಮನೆತನಕ್ಕೆ ಕನ್ನಡದ ನಂಟಿನ ಹೆಸರು ಬರೆದರೆ ಏನು ಬಂತು, ಸುಮ್ನೆ ಟೈಮ್ ವೇಸ್ಟ್" ಅಂದಿದ್ದ ಗೆಳೆಯರೇ ಈಗ ನನ್ನ ಸ್ಪ್ರೆಡ್‌ಶೀಟ್ ಕೇಳುತ್ತಿದ್ದಾರೆ.

ಮೊದಲು ಸೋತ ಕಥೆ. ದುಡ್ಡು ಕೊಟ್ಟು ಸೇರುವ ಒಂದು ಸೈಟಿಗೆ ವರ್ಷಕ್ಕೆ ನೂರಿಪ್ಪತ್ತು ಪೌಂಡ್ ಕಟ್ಟಿದೆ. ಅಲ್ಲಿ ಮೂವರು ಎಲಿಜಬೆತ್ ಡಿ ಬರ್ಗ್‌ಗಳನ್ನು ಕಲಸಿಟ್ಟಿದ್ದರು. ಒಬ್ಬಳು ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸನ ರಾಣಿ, ತೀರಿಕೊಂಡದ್ದು 1327ರಲ್ಲಿ. ಇನ್ನೊಬ್ಬಳು ನಮ್ಮವಳು (ಡಿ ಬರ್ಗ್ ಅವಳ ಮೊದಲ ಗಂಡನ ಮನೆತನ), 1295ರಿಂದ 1360. ಮೂರನೆಯವಳು ನಮ್ಮವಳ ಮೊಮ್ಮಗಳು, ತೀರಿಕೊಂಡದ್ದು 1363ರಲ್ಲಿ. ಆ ತಪ್ಪು ಮರವನ್ನೇ ನಂಬಿ ಇನ್ನೂ ಎಂಬತ್ತು ಪೌಂಡ್ ಕಾಗದದ ನಕಲುಗಳಿಗೆ ಸುರಿದೆ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು.

ಆಮೇಲೆ ಒಂದು ಭಾನುವಾರ ಎಲ್ಲ ಅಳಿಸಿ ಹೊಸ ಶೀಟ್ ತೆಗೆದೆ. ಬ್ರದರ್ ಇನ್ ಲಾ, ಸಿಸ್ಟರ್ ಇನ್ ಲಾ ಅನ್ನೋ ಪದ ಎಲ್ಲೆಲ್ಲಿ ಬಂತೋ ಅಲ್ಲೆಲ್ಲ ಕನ್ನಡದ ಸರಿಯಾದ ನಂಟು ಬರೆಯಲೇಬೇಕು, ಬರೆಯಲು ಆಗದಿದ್ದರೆ ಆ ಸಾಲು ಕೆಂಪು. ಅಷ್ಟೇ ನಿಯಮ. ಮೂರು ವಾರದಲ್ಲಿ ಗೋಜಲು ಬಿಚ್ಚಿಕೊಂಡಿತು.

ನೋಡಿ. 1308ರಲ್ಲಿ ನಮ್ಮ ಎಲಿಜಬೆತ್ ಐರ್ಲೆಂಡಿನ ಅಲ್‌ಸ್ಟರ್ ಸೀಮೆಯ ಅರ್ಲನ (ದೊಡ್ಡ ಸಾಮಂತನ) ಮಗ ಜಾನ್ ಡಿ ಬರ್ಗ್‌ನ ಕೈ ಹಿಡಿದಳು. ಆಗಲೇ ಅವಳಣ್ಣ ಗಿಲ್ಬರ್ಟ್ ಜಾನನ ತಂಗಿ ಮಾಡ್‌ಳನ್ನು ಮದುವೆಯಾದ. ಹೆಣ್ಣು ಕೊಟ್ಟು ಹೆಣ್ಣು ತಂದ ಸಂಬಂಧ. ಮಾಡ್ ಇವಳಿಗೆ ಅತ್ತಿಗೆಯೂ ಹೌದು, ನಾದಿನಿಯೂ ಹೌದು. ಬ್ರೂಸನ ರಾಣಿ ಕೂಡ ಅದೇ ಮನೆಯ ಹುಡುಗಿ, ಜಾನನ ಒಡಹುಟ್ಟಿದವಳು, ಅಂದರೆ ಇನ್ನೊಬ್ಬ ನಾದಿನಿ. ಹಾಗಾದರೆ ಗಿಲ್ಬರ್ಟ್ ಮತ್ತು ಬ್ರೂಸ್ ಷಡ್ಡಕರು! 1314ರಲ್ಲಿ ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಇಂಗ್ಲೆಂಡಿನ ಕಡೆ ನಿಂತಿದ್ದ ಗಿಲ್ಬರ್ಟ್ ಸತ್ತದ್ದು ತನ್ನ ಷಡ್ಡಕನ ಸೈನ್ಯದ ಎದುರು. ಆ ಕೋಶದಲ್ಲಿ ಆ ಪದ ಟೈಪ್ ಮಾಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಿಲ್ಬರ್ಟ್‌ಗೆ ಬದುಕುಳಿದ ಮಕ್ಕಳಿಲ್ಲ. ಮಾಡ್ ತಾನು ಬಸುರಿ ಅನ್ನುತ್ತಲೇ ಬಂದಳು, ಅವನ ಆಸ್ತಿಯ ಪಾಲು 1317ರವರೆಗೆ ಎಳೆಯಿತು. ಕೊನೆಗೆ ಮೂವರು ಅಕ್ಕತಂಗಿಯರಿಗೆ ಮೂರು ಪಾಲು. ರಾಜ ಎರಡನೇ ಎಡ್ವರ್ಡ್ ಇವರ ತಾಯಿ ಜೋನ್‌ಳ ತಮ್ಮ, ಅಂದರೆ ಸೋದರಮಾವ. ದೊಡ್ಡಕ್ಕ ಎಲೆನರ್‌ಳನ್ನು 1306ರಲ್ಲೇ ತಾತ ಒಂದನೇ ಎಡ್ವರ್ಡ್ ಹ್ಯೂ ಡಿಸ್ಪೆನ್ಸರ್‌ಗೆ ಕೊಡಿಸಿದ್ದ. ಉಳಿದಿಬ್ಬರು ಸೊಸೆಯಂದಿರನ್ನು ಆ ಮಾವನೇ ತನ್ನ ಮೆಚ್ಚಿನವರಿಗೆ ಕೊಡಿಸಿದ. ಮಾರ್ಗರೆಟ್ ಮೊದಲು ಪಿಯರ್ಸ್ ಗ್ಯಾವೆಸ್ಟನ್‌ಗೆ, ಆಮೇಲೆ ಹ್ಯೂ ಆಡ್ಲೀಗೆ, ನಮ್ಮವಳು ರಾಜರ್ ಡಮೋರಿಗೆ. ಡಮೋರಿ ಇವಳಿಗೆ ಮೂರನೇ ಗಂಡ. ನಡುವೆ, ಜಾನ್ ತೀರಿಕೊಂಡ ಮೇಲೆ, 1316ರಲ್ಲಿ ಥಿಯೊಬಾಲ್ಡ್ ಡಿ ವೆರ್ಡನ್ ಬ್ರಿಸ್ಟಲ್ ಕೋಟೆಯಿಂದ ಇವಳನ್ನು ಎತ್ತಿಕೊಂಡು ಹೋಗಿ ಮದುವೆಯಾಗಿದ್ದ, ಆರು ತಿಂಗಳೊಳಗೆ ಸತ್ತ. ಡಮೋರಿ ರಾಜನ ವಿರುದ್ಧ ತಿರುಗಿ ಬಿದ್ದು 1322ರಲ್ಲಿ ಹೋದ. ಇಪ್ಪತ್ತಾರು ವಯಸ್ಸಿಗೆ ಮೂರು ಸಲ ವಿಧವೆ. ಅದೇ ವರ್ಷ ವೇಲ್ಸ್‌ನ ಅಸ್ಕ್ ಸೀಮೆಯನ್ನು ಬಲವಂತದಿಂದ ಕಿತ್ತುಕೊಂಡು ಬದಲಿಗೆ ಗೋವರ್ ಕೊಟ್ಟು, ಆಮೇಲೆ ಅದನ್ನೂ ಕಸಿದದ್ದು ಬೇರೆ ಯಾರೂ ಅಲ್ಲ, ಸ್ವಂತ ಭಾವ, ಎಲೆನರ್‌ಳ ಗಂಡ ಡಿಸ್ಪೆನ್ಸರ್. ಬ್ರದರ್ ಇನ್ ಲಾ ಅಂದರೆ ಈ ಉರಿ ಗೊತ್ತಾಗುತ್ತಾ?

ನಂಟು ಸರಿಯಾದ ಮೇಲೆ ಜಮೀನಿಗೆ ಇನ್ನೊಂದು ಕಾಲಂ: ತವರಿನದ್ದಾ, ಗಂಡ ಸತ್ತ ಮೇಲೆ ಬಂದ ಪಾಲಾ? ಪಹಣಿ ನೋಡಿದವರಿಗೆ ಇದು ಹೊಸದಲ್ಲ. ಇವೆರಡರ ಮಧ್ಯೆ ನಾನು ಹಾಕಿರುವ ಮೂರನೇ ಗುರುತು ಒಂದಿದೆ, ಅದನ್ನು ಸದ್ಯಕ್ಕೆ ಹೇಳಲ್ಲ.

ಅವಳ ಮನೆ ಖರ್ಚಿನ ಲೆಕ್ಕದ ಸುರುಳಿಗಳು ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿ (ಸರ್ಕಾರದ ಹಳೇ ದಾಖಲೆಗಳ ಭಂಡಾರ) ಇವೆ. ಓದುವುದಕ್ಕೆ ದುಡ್ಡಿಲ್ಲ, ಫೋನಿನಲ್ಲಿ ಫೋಟೋ ತೆಗೆಯುವುದಕ್ಕೂ ಇಲ್ಲ, ರೈಲಿಗೆ ಮಾತ್ರ ಪ್ರತಿ ಸಲ ಇಪ್ಪತ್ತು ಪೌಂಡ್ ಆಗುತ್ತದೆ. ಒಂದು ಚರ್ಮದ ಹಾಳೆಯ ಕೊನೆಗೆ ಇನ್ನೊಂದನ್ನು ಹೊಲಿದಿರುತ್ತಾರೆ. ಆ ದಾರದ ಹೊಲಿಗೆ ಬೆರಳ ತುದಿಗೆ ತಾಗಿತು. ಮೊದಲೇ ಅಲ್ಲಿಗೆ ಹೋಗಿದ್ದರೆ ಇನ್ನೂರು ಪೌಂಡ್ ಉಳಿಯುತ್ತಿತ್ತು.

ದಾರಿ ತಪ್ಪಿ ಒಂದು ತಿಂಗಳು ಲಾಂಛನ ಬಿಡಿಸುತ್ತಾ ಕೂತೆ. ಕೇಂಬ್ರಿಜ್‌ನ ಕ್ಲೇರ್ ಕಾಲೇಜಿಗೆ ಆ ಹೆಸರು ಬಂದದ್ದು ಇವಳಿಂದ, 1359ರಲ್ಲಿ ಕಟ್ಟಳೆ ಬರೆಸಿಕೊಟ್ಟವಳು ಇವಳೇ. ಅದರ ಗುರಾಣಿಯಲ್ಲಿ ಒಂದು ಕಡೆ ಕ್ಲೇರ್ ಮನೆತನದ ಮೂರು ಕೆಂಪು ಮೊನೆಪಟ್ಟಿ (ತಲೆಕೆಳಗಾದ V ಆಕಾರದ್ದು), ಇನ್ನೊಂದು ಕಡೆ ಡಿ ಬರ್ಗ್‌ರ ಕೆಂಪು ಶಿಲುಬೆ, ಸುತ್ತ ಕಪ್ಪು ಅಂಚು, ಅಂಚಿನ ಮೇಲೆ ಬಂಗಾರದ ಹನಿಗಳು. ಅವು ಕಣ್ಣೀರು ಅಂತ ಹೇಳಿಕೊಂಡು ಬಂದಿದ್ದಾರೆ. ಮೂವರು ಗಂಡಂದಿರಲ್ಲಿ ಅಲ್ಲಿ ಉಳಿದದ್ದು ಮೊದಲನೆಯವನ ಗುರುತು ಮಾತ್ರ. ಮರಕ್ಕೆ ಇದರಿಂದ ಏನೂ ಉಪಯೋಗವಾಗಲಿಲ್ಲ, ಆದರೂ ಬಣ್ಣ ಹಚ್ಚಿದ ಹಾಳೆ ನನ್ನ ಗೋಡೆಯ ಮೇಲಿದೆ.

ಈಗ ಕೆಂಪಾಗಿ ಉಳಿದದ್ದು ಎಂಟೋ ಒಂಬತ್ತೋ ಸಾಲು, ಜಾಸ್ತಿ ಇಸಬೆಲ್ಲಾಳವು. ವೆರ್ಡನ್ ಸತ್ತು ಎಂಟು ತಿಂಗಳಿಗೆ, 1317ರ ಮಾರ್ಚ್‌ನಲ್ಲಿ ಹುಟ್ಟಿದ ಮಗಳು. ಅಪ್ಪನ ಮೊದಲ ಹೆಂಡತಿಯ ಮೂರು ಹೆಣ್ಣುಮಕ್ಕಳ ಜೊತೆ ನಾಲ್ಕನೇ ಪಾಲುದಾರಳು. ಮುಂದಿನ ವಾರ ಆ ನಾಲ್ಕು ಪಾಲು ಹಿಡಿದು ಕೂರುತ್ತೇನೆ.