ಬುಧವಾರ ಬೆಳಿಗ್ಗೆ ಒಬ್ಬರ ಬದುಕಿನ ಕಥೆ

ಇಂಗ್ಲೆಂಡಿನಲ್ಲಿ ನಾವಿರುವ ಊರಿನ ಆಂಗ್ಲಿಕನ್ ಚರ್ಚಿನಲ್ಲಿ ಬುಧವಾರ ಬೆಳಿಗ್ಗೆ ಒಂದು ಸಣ್ಣ ಆರಾಧನೆ ಇರುತ್ತದೆ. ಹಾಡಿಲ್ಲ, ದೊಡ್ಡ ಪ್ರಸಂಗವಿಲ್ಲ. ಸುವಾರ್ತೆ ಓದಿದ ಮೇಲೆ, ಆ ದಿನ ಸಭೆ ಯಾರನ್ನು ನೆನೆಯುತ್ತದೋ ಅವರ ಬಗ್ಗೆ ಯಾರಾದರೂ ನಾಲ್ಕು ಮಾತು ಹೇಳಬೇಕು. ಕೆಲವು ವರ್ಷಗಳಿಂದ ಆ ಕೆಲಸ ನನ್ನದು. ನಾನು ಬೆಳೆದದ್ದು ಕರ್ನಾಟಕದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ. ಅಲ್ಲಿನ ಗೆಳೆಯರು ಇದನ್ನೆಲ್ಲ ಹೇಗೆ ತಯಾರು ಮಾಡ್ತೀರಿ ಅಂತ ಕೇಳುತ್ತಾ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕ್ಯಾಲೆಂಡರ್ ನೋಡುತ್ತೇನೆ. ಪೇತ್ರ, ಪೌಲ, ಮರಿಯಳಂಥವರಿಗೆ ದೊಡ್ಡ ಹಬ್ಬ. ಅದರ ಕೆಳಗೆ ಚಿಕ್ಕ ಹಬ್ಬಗಳು. ಅದಕ್ಕೂ ಕೆಳಗೆ ಓರೆ ಅಕ್ಷರದಲ್ಲಿ ಅಚ್ಚಾಗಿರುವ ಹೆಸರುಗಳು, ಅವು ಬರೀ ಸ್ಮರಣೆಗೆ. ರೋಮಿನಲ್ಲಿ ಮಾಡುವ ಹಾಗೆ ಪವಾಡಗಳನ್ನು ಪರೀಕ್ಷಿಸಿ ಸಂತರೆಂದು ಸಾರುವ ಪದ್ಧತಿ ಇಲ್ಲಿಲ್ಲ. ಚರ್ಚಿನ ಸಿನೋಡ್, ಅಂದರೆ ಆಡಳಿತ ಸಭೆ, ಒಪ್ಪಿದರೆ ಹೆಸರು ಸೇರುತ್ತದೆ. ಹಾಗಾಗಿ ಆಂಗ್ಲಿಕನ್ನರಲ್ಲದವರೂ ಈ ಪಟ್ಟಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಜೈಲಿನ ಹೆಂಗಸರಿಗಾಗಿ ದುಡಿದ, ಕ್ವೇಕರ್ ಎಂಬ ಬೇರೆ ಕ್ರೈಸ್ತ ಪಂಗಡದ ಎಲಿಜಬೆತ್ ಫ್ರೈ ಇದ್ದಾರೆ, ಹಿಟ್ಲರನನ್ನು ವಿರೋಧಿಸಿದ ಲೂಥರನ್ ಪಾದ್ರಿ ಬೋನ್‌ಹಾಫರ್ ಇದ್ದಾರೆ, ನಾಜಿಗಳ ಆಶ್ವಿಟ್ಜ್ ಸೆರೆಶಿಬಿರದಲ್ಲಿ ಇನ್ನೊಬ್ಬ ಕೈದಿಯ ಬದಲಿಗೆ ತಾನು ಸಾಯುತ್ತೇನೆ ಎಂದು ಮುಂದೆ ಬಂದ ಕ್ಯಾಥೊಲಿಕ್ ಪಾದ್ರಿ ಕೋಲ್ಬೆ ಇದ್ದಾರೆ.

ದಿನ ಸಾಮಾನ್ಯವಾಗಿ ಅವರು ತೀರಿಕೊಂಡ ದಿನವೇ. ಆ ದಿನ ಬೇರೆ ಹಬ್ಬ ಇದ್ದರೆ ಆಚೀಚೆ ಸರಿಸುತ್ತಾರೆ. ಕವಿ ಜಾರ್ಜ್ ಹರ್ಬರ್ಟ್ ತೀರಿಕೊಂಡದ್ದು 1633ರ ಮಾರ್ಚ್ 1ರಂದು. ಅದು ವೇಲ್ಸ್‌ನ ಸಂತ ಡೇವಿಡ್ ಹಬ್ಬ, ಹಾಗಾಗಿ ಹರ್ಬರ್ಟ್ ಅವರನ್ನು ಫೆಬ್ರವರಿ 27ರಂದು ನೆನೆಯುತ್ತಾರೆ.

ಇನ್ನು ಕಥೆ ಹೇಳುವ ಬಗ್ಗೆ. ಹುಟ್ಟಿದರು, ಓದಿದರು, ಸೇವೆ ಮಾಡಿದರು, ತೀರಿಕೊಂಡರು ಅಂತ ಸಾಲಾಗಿ ಹೇಳಿದರೆ ಯಾರಿಗೂ ನೆನಪಿರುವುದಿಲ್ಲ. ಎಲ್ಲ ಸಂತರೂ ಒಂದೇ ಥರ ಕೇಳಿಸುತ್ತಾರೆ. ನಾನು ಓದುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ: ಇವರು ಯಾರ ಜೊತೆ ಜಗಳ ಆಡಿದರು? ಅಲ್ಲಿಂದ ಶುರು ಮಾಡಿದರೆ ಮನುಷ್ಯರು ಕಾಣಿಸುತ್ತಾರೆ. ‘ಯಾತ್ರಿಕನ ಪ್ರಯಾಣ’ ಬರೆದ ಜಾನ್ ಬನ್ಯನ್ ಅನುಮತಿ ಇಲ್ಲದೆ ಬೋಧಿಸಿದ್ದಕ್ಕೆ ಬೆಡ್‌ಫರ್ಡ್ ಜೈಲಿನಲ್ಲಿ ಸುಮಾರು 12 ವರ್ಷ ಕಳೆದರು. ಆಗ ಕಾನೂನು ಇದ್ದದ್ದು ಆಂಗ್ಲಿಕನ್ ಚರ್ಚಿನ ಪರವಾಗಿ. ಇವತ್ತು ಅದೇ ಚರ್ಚು ಆಗಸ್ಟ್ 30ರಂದು ಅವರಿಗಾಗಿ ದೇವರನ್ನು ಸ್ತುತಿಸುತ್ತದೆ. ಬೈಬಲನ್ನು ಇಂಗ್ಲಿಷಿಗೆ ತಂದ ಟಿಂಡೇಲ್ ವಿರುದ್ಧ ರಾಜನ ಚಾನ್ಸಲರ್ ಆಗಿದ್ದ ಕ್ಯಾಥೊಲಿಕ್ ಥಾಮಸ್ ಮೋರ್ ಪುಟಗಟ್ಟಲೆ ಬರೆದರು. 1535ರಲ್ಲಿ ಮೋರ್ ಅವರ ತಲೆ ಕಡಿದರು, 1536ರಲ್ಲಿ ಟಿಂಡೇಲ್ ಅವರ ಕತ್ತು ಬಿಗಿದು ಸುಟ್ಟರು. ಮೋರ್ ಜುಲೈ 6ಕ್ಕೆ, ಟಿಂಡೇಲ್ ಅಕ್ಟೋಬರ್ 6ಕ್ಕೆ, ಇಬ್ಬರೂ ಒಂದೇ ಕ್ಯಾಲೆಂಡರಿನಲ್ಲಿದ್ದಾರೆ. ಇಬ್ಬರ ಬಗ್ಗೆ ಹೇಳುವಾಗಲೂ ನಾನು ಇನ್ನೊಬ್ಬರ ಹೆಸರು ಬಿಡುವುದಿಲ್ಲ. ಒಬ್ಬರನ್ನು ಒಳ್ಳೆಯವರನ್ನಾಗಿ ತೋರಿಸಲು ಇನ್ನೊಬ್ಬರನ್ನು ಮರೆಮಾಡುವುದು ಸರಿಯಲ್ಲ.

ನನಗೆ ತುಂಬಾ ಹತ್ತಿರವಾದವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ತುಂಗೆ ಭದ್ರೆ ಹುಟ್ಟುವ ಜಾಗದಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಊರವರ ವಿರೋಧ ಕಟ್ಟಿಕೊಂಡು ಹೆಂಡತಿಗೆ ಸಂಸ್ಕೃತ ಕಲಿಸಿದವರು, ಆ ತಾಯಿ ಮಗಳಿಗೆ ಕಲಿಸಿದರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ರಮಾಬಾಯಿ ಅಣ್ಣನ ಜೊತೆ ನಡೆಯುತ್ತಾ ಕಲ್ಕತ್ತ ಸೇರಿದರು, ಅಲ್ಲಿನ ವಿದ್ವಾಂಸರು ಪಂಡಿತಾ ಎಂದು ಕರೆದರು. ಮದುವೆಯಾಗಿ ಎರಡು ವರ್ಷವೂ ತುಂಬುವ ಮೊದಲು ಗಂಡ ತೀರಿಕೊಂಡರು. ಕೈಯಲ್ಲಿ ಹೆಣ್ಣು ಮಗು.

ಡಾಕ್ಟರ್ ಆಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಬಂದರು, ಕಿವಿ ಸರಿಯಾಗಿ ಕೇಳದ ಕಾರಣ ಅದು ಆಗಲಿಲ್ಲ. ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರುಗಳ ಮಠದಲ್ಲಿ ಉಳಿದರು, ಅಲ್ಲೇ ದೀಕ್ಷಾಸ್ನಾನ ಪಡೆದರು. ಇಲ್ಲಿಗೆ ನಿಲ್ಲಿಸಿದರೆ ಕೇಳುವವರಿಗೆ ಹಿತವಾಗಿರುತ್ತದೆ. ಆದರೆ ಅವರ ಪತ್ರಗಳನ್ನು ಓದಿದವರಿಗೆ ಗೊತ್ತು, ಜಗಳ ಶುರುವಾಗುವುದೇ ಇಲ್ಲಿಂದ. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎನ್ನುವ ತ್ರಿಯೇಕತ್ವದ ಬಗ್ಗೆ ಪ್ರಶ್ನೆ ಕೇಳಿದರು. ಚರ್ಚು ಹೇಳಿದ್ದನ್ನೆಲ್ಲ ಸುಮ್ನೆ ಒಪ್ಪುವುದಿಲ್ಲ ಎಂದರು. ಒಂದು ಪುರೋಹಿತ ವರ್ಗದ ನೊಗದಿಂದ ಈಗಷ್ಟೇ ಬಿಡಿಸಿಕೊಂಡಿದ್ದೇನೆ, ಇನ್ನೊಂದರ ಕೆಳಗೆ ಹೋಗುವುದಿಲ್ಲ ಎಂಬ ಅರ್ಥದಲ್ಲಿ ಆ ಮಠದ ಸಿಸ್ಟರ್ ಜೆರಾಲ್ಡಿನ್ ಅವರಿಗೇ ಬರೆದರು. ರಮಾಬಾಯಿ ಗಂಡಸರಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪರು ಬೇಡವೆಂದರು, ಅದಕ್ಕೂ ಅವರು ಖಾರವಾಗಿಯೇ ಉತ್ತರಿಸಿದರು. ಈ ಭಾಗವನ್ನು ಇಂಗ್ಲಿಷರ ಮುಂದೆಯೇ ಹೇಳುತ್ತೇನೆ. ಯಾಕೆ ಹೇಳಬಾರದು? ಅವರು ಸಂತರಾದದ್ದು ಆ ಹಟವನ್ನು ಬಿಟ್ಟಿದ್ದಕ್ಕಲ್ಲ, ಅದನ್ನು ಇಟ್ಟುಕೊಂಡೇ. ಅದೇ ಹಟದಿಂದ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು. ಮುಂದೆ ಬರ ಬಂದಾಗ ದಿಕ್ಕಿಲ್ಲದ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಹೋಗಿ ಪುಣೆಯ ಹತ್ತಿರದ ಕೇಡಗಾಂವಿಗೆ ಕರೆತಂದರು. ಬರದಲ್ಲಿ ಮನೆಯವರನ್ನು ಕಳೆದುಕೊಂಡ ಹುಡುಗಿ ಮಾಡಿದ ಕೆಲಸ ಇದು. ಅದನ್ನು ಹೇಳುವಾಗ ನನ್ನ ಗಂಟಲು ಪ್ರತಿ ಸಲ ಕಟ್ಟುತ್ತದೆ.

ಹಳೆಯ ಕಾಲದ ಸಂತರದು ಬೇರೆ ಕಷ್ಟ. ಏಳನೆಯ ಶತಮಾನದ ಇಂಗ್ಲಿಷ್ ಸನ್ಯಾಸಿ ಕತ್‌ಬರ್ಟ್ ರಾತ್ರಿಯಿಡೀ ಸಮುದ್ರದ ನೀರಲ್ಲಿ ನಿಂತು ಪ್ರಾರ್ಥಿಸಿ ಹೊರಗೆ ಬಂದಾಗ ನೀರುನಾಯಿಗಳು ಅವರ ಪಾದ ಒರೆಸಿದವು ಎಂದು ಹಳೆಯ ಕಾಲದ ಸನ್ಯಾಸಿ ಇತಿಹಾಸಕಾರ ಬೀಡ್ ಬರೆಯುತ್ತಾರೆ. ಇಂಥದ್ದನ್ನು ನಾನು ಬಿಡುವುದೂ ಇಲ್ಲ, ವಾದ ಮಾಡುವುದೂ ಇಲ್ಲ. ಬೀಡ್ ಹೀಗೆ ಬರೆದಿದ್ದಾರೆ ಎಂದು ಹೇಳಿ ಮುಂದೆ ಹೋಗುತ್ತೇನೆ.

ಹೊಸಬರ ಬಗ್ಗೆ ಹೇಳುವಾಗ ಜಾಸ್ತಿ ಎಚ್ಚರ ಬೇಕು, ನೋಡಿದವರು ಬದುಕಿರುತ್ತಾರೆ. ಉಗಾಂಡದ ಆರ್ಚ್‌ಬಿಷಪ್ ಜನಾನಿ ಲುವುಮ್ ಅವರನ್ನು 1977ರ ಫೆಬ್ರವರಿಯಲ್ಲಿ ಸರ್ವಾಧಿಕಾರಿ ಇದಿ ಅಮೀನನ ಆಡಳಿತ ಕೊಂದಿತು. ಬಿಷಪರೆಲ್ಲ ಸೇರಿ ಕೊಲೆಗಳನ್ನು ಖಂಡಿಸಿ ಪತ್ರ ಬರೆದಿದ್ದರು. ಸರ್ಕಾರ ಕಾರು ಅಪಘಾತ ಎಂದಿತು, ಹೆಣದ ಮೇಲೆ ಗುಂಡಿನ ಗಾಯಗಳಿದ್ದವು. ಇಷ್ಟೇ ಸಾಕು. ಇದಕ್ಕೆ ವಿಶೇಷಣ ಸೇರಿಸಿದರೆ ಕೆಡುತ್ತದೆ.

ಬರೆದಾದ ಮೇಲೆ ಮನೆಯಲ್ಲಿ ಜೋರಾಗಿ ಓದುತ್ತೇನೆ. ನಾವೂ ಇವರ ಹಾಗೆ ಬದುಕೋಣ ಅನ್ನುವ ಸಾಲು ನುಸುಳಿದ್ದರೆ ತೆಗೆದುಹಾಕುತ್ತೇನೆ. ಆ ದಿನದ ಪ್ರಾರ್ಥನೆ ಹೇಗೂ ಮುಂದೆ ಬರುತ್ತದೆ, ಆ ಕೆಲಸ ಅದರದು. ಹೆಸರುಗಳನ್ನು ಹೇಗೆ ಹೇಳಬೇಕು ಅಂತ ಮೊದಲೇ ಗೊತ್ತುಮಾಡಿಕೊಳ್ಳಿ, ಅದರಲ್ಲೂ ಬೇರೆ ದೇಶದವರದ್ದು. ಅವರ ಹೆಸರನ್ನು ಸರಿಯಾಗಿ ಹೇಳುವುದೂ ಗೌರವವೇ ಅಲ್ವಾ.

ಕ್ಯಾಲೆಂಡರಿನಲ್ಲಿ ರಮಾಬಾಯಿ ಅವರ ದಿನ ಏಪ್ರಿಲ್ 30. ಅದು ಬುಧವಾರ ಬರದ ವರ್ಷ ಪಾದ್ರಿಯವರನ್ನು ಕೇಳಿ ಹತ್ತಿರದ ಬುಧವಾರಕ್ಕೆ ಸರಿಸಿಕೊಳ್ಳುತ್ತೇನೆ. ಅವರನ್ನು ಮಾತ್ರ ಯಾವ ವರ್ಷವೂ ಬಿಡುವುದಿಲ್ಲ.