ಎಸ್‌ಎಸ್‌ಡಿ ಬಿಸಿಯಾಗುತ್ತಿದೆಯೇ? ಮೊದಲು ಪ್ಯಾಡ್ ಮೇಲಿನ ಹಾಳೆ ನೋಡಿ

ಮದುವೆ ವಿಡಿಯೊಗಳ ದೊಡ್ಡ ಫೋಲ್ಡರ್ ಕಾಪಿಗೆ ಹಾಕುತ್ತೀರಿ. ಒಂದೆರಡು ನಿಮಿಷ ಸರಾಗವಾಗಿ ಓಡಿದ ಎಸ್‌ಎಸ್‌ಡಿ (ಫೈಲ್‌ಗಳನ್ನು ಚಿಪ್‌ಗಳಲ್ಲಿ ಕೂಡಿಡುವ ಡ್ರೈವ್) ಇದ್ದಕ್ಕಿದ್ದಂತೆ ತೆವಳತೊಡಗುತ್ತದೆ. ಹೋದ ಮೇ ತಿಂಗಳಲ್ಲಿ ನನ್ನ ಡೆಸ್ಕ್‌ಟಾಪ್‌ನಲ್ಲೂ ಹೀಗೇ ಆಯಿತು. ಡ್ರೈವ್ ಬಿಸಿಯಾದರೆ ಹೀಗಾಗುವುದುಂಟು. ಆದರೆ ಬಿಸಿ ಹೀರುವ ಲೋಹದ ಪಟ್ಟಿ, ಅಂದರೆ ಹೊಸ ಹೀಟ್‌ಸಿಂಕ್ ಕೊಳ್ಳುವ ಮೊದಲು ತಾಪಮಾನ ಅಳೆದು ನೋಡಿ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್, ಅಡ್ವಾನ್ಸ್ಡ್ ಸ್ಟೋರೇಜ್ ಸೆಟ್ಟಿಂಗ್ಸ್, ಡಿಸ್ಕ್ಸ್ ಆಂಡ್ ವಾಲ್ಯೂಮ್ಸ್ ಹೀಗೆ ಒಳಗೆ ಹೋಗಿ ಡ್ರೈವ್‌ನ ಪ್ರಾಪರ್ಟೀಸ್ ತೆರೆದರೆ ಎನ್‌ವಿಎಂಇ ಡ್ರೈವ್‌ನ (ಮದರ್‌ಬೋರ್ಡ್ ಮೇಲೆ ನೇರ ಕೂರುವ ವೇಗದ ಎಸ್‌ಎಸ್‌ಡಿ) ತಾಪಮಾನ ಕಾಣುತ್ತದೆ. ಉಚಿತವಾಗಿ ಸಿಗುವ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶ ಇನ್ನೂ ಸುಲಭ. ಕಂಪ್ಯೂಟರ್ ಸುಮ್ಮನಿದ್ದಾಗ ಒಮ್ಮೆ, ದೊಡ್ಡ ಫೈಲ್ ಕಾಪಿಯಾಗುವಾಗ ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ಕೆಲಸದ ನಡುವೆ 50–60 ಡಿಗ್ರಿ ಬಂದರೆ ಚಿಂತೆಯಿಲ್ಲ. ಸಾಮಾನ್ಯ ಬಳಕೆಯ ಅನೇಕ ಡ್ರೈವ್‌ಗಳಿಗೆ ತಯಾರಕರು ಹಾಕುವ ಮಿತಿ 70 ಡಿಗ್ರಿ. ಅದನ್ನು ದಾಟುತ್ತ ಹೋದರೆ ಡ್ರೈವ್‌ನ ಕಂಟ್ರೋಲರ್ ಚಿಪ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ವೇಗ ಕುಸಿದಾಗಲೂ ತಾಪಮಾನ 55ರಲ್ಲೇ ಇದ್ದರೆ? ಆಗ ತಪ್ಪು ಬಿಸಿಯದ್ದಲ್ಲ. ಬಹುಶಃ ಡ್ರೈವ್‌ನ ಕ್ಯಾಶ್ (ಬರುವ ಡೇಟಾ ಮೊದಲು ಇಳಿಯುವ ವೇಗದ ಜಾಗ) ತುಂಬಿರುತ್ತದೆ. ಅದಕ್ಕೆ ಹೀಟ್‌ಸಿಂಕ್ ಮದ್ದಲ್ಲ.

ನನ್ನದು 79 ತೋರಿಸಿತು. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿಹಿಡಿದೆ. ಕ್ಯಾಬಿನೆಟ್‌ನ ಲೋಹದ ಭಾಗ ಮುಟ್ಟಿಯೇ ಒಳಗೆ ಕೈಹಾಕಿದೆ. ಮೈಮೇಲಿನ ಸ್ಥಿರ ವಿದ್ಯುತ್ತು ಚಿಪ್‌ಗೆ ತಗಲಬಾರದು. ಡ್ರೈವ್ ಮೇಲೆ ಕೂತಿದ್ದ ಮದರ್‌ಬೋರ್ಡ್‌ನ ಲೋಹದ ಪಟ್ಟಿ (ಇದೇ ಹೀಟ್‌ಸಿಂಕ್) ಬಿಚ್ಚಿ ಮಗುಚಿದರೆ ಡ್ರೈವ್‌ನ ಬಿಸಿಯನ್ನು ಪಟ್ಟಿಗೆ ದಾಟಿಸುವ ಬೂದುಬಣ್ಣದ ಮೆತ್ತನೆಯ ಥರ್ಮಲ್ ಪ್ಯಾಡ್, ಅದರ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ! ಜೋಡಿಸಿಕೊಟ್ಟ ಅಂಗಡಿಯವರು ಅದನ್ನು ಸುಲಿದೇ ಇರಲಿಲ್ಲ. ಉಗುರಿನಿಂದ ಮೂಲೆ ಎಬ್ಬಿಸಿದೆ, ಒಂದೇ ಎಳೆತಕ್ಕೆ ಬಂತು. ಮತ್ತೆ ಜೋಡಿಸಿ ಅದೇ ಫೋಲ್ಡರ್ ಕಾಪಿ ಮಾಡಿದಾಗ 62.

ಪ್ಯಾಡ್ ಒಣಗಿಯೋ ಹರಿದೋ ಇದ್ದರೆ ಅಷ್ಟೇ ದಪ್ಪದ ಬೇರೆ ಪ್ಯಾಡ್ ತನ್ನಿ. ದಪ್ಪ ಹೆಚ್ಚಾದರೆ ಡ್ರೈವ್ ಬಾಗುತ್ತದೆ, ಕಡಿಮೆಯಾದರೆ ಪಟ್ಟಿ ಚಿಪ್‌ಗೆ ತಾಗುವುದೇ ಇಲ್ಲ. ಡ್ರೈವ್ ಮೇಲಿನ ಲೇಬಲ್ ಮಾತ್ರ ಕೀಳಬೇಡಿ: ವಾರಂಟಿ ಹೋದೀತು, ಮೇಲಾಗಿ ಕೆಲವು ಲೇಬಲ್‌ಗಳೊಳಗೆ ಬಿಸಿ ಹರಡುವ ತಾಮ್ರದ ಪದರವೇ ಇರುತ್ತದೆ. ತನ್ನದೇ ಹೀಟ್‌ಸಿಂಕ್ ಹೊತ್ತು ಬಂದ ಡ್ರೈವ್‌ಗೆ ಮದರ್‌ಬೋರ್ಡ್‌ನ ಪಟ್ಟಿ ಬೇಡ.

ಇಷ್ಟಾದರೂ ಇಳಿಯದಿದ್ದರೆ ಜಾಗ ನೋಡಿ. ಗ್ರಾಫಿಕ್ಸ್ ಕಾರ್ಡ್‌ನ ಅಡಿಯಲ್ಲಿರುವ ಎಂ.2 ಸ್ಲಾಟ್‌ಗೆ (ಡ್ರೈವ್ ಕೂರಿಸುವ ಜಾಗ) ಗೇಮ್ ಆಡುವಾಗ ಕಾರ್ಡ್‌ನ ಬಿಸಿಯೆಲ್ಲ ಬಡಿಯುತ್ತದೆ. ಬೇರೆ ಸ್ಲಾಟ್ ಖಾಲಿಯಿದ್ದರೆ ಡ್ರೈವ್ ಅಲ್ಲಿಗೆ ಸರಿಸಿ. ಆ ಸ್ಲಾಟ್‌ನ ವೇಗ ಎಷ್ಟೆಂದು ಮದರ್‌ಬೋರ್ಡ್ ಮ್ಯಾನುಯಲ್‌ನಲ್ಲಿ ಮೊದಲೇ ನೋಡಿಕೊಳ್ಳಿ. ಮುಂದಿನ ಫ್ಯಾನ್ ಗಾಳಿಯನ್ನು ಒಳಗೆಳೆಯಬೇಕು, ಹಿಂದಿನದು ಹೊರದೂಡಬೇಕು. ಮುಂಭಾಗದ ಜಾಲರಿಯ ದೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ಬೆರಳಿನಿಂದ ತಡೆದುಕೊಳ್ಳಿ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯ ಗಾಳಿಯೇ 40 ಡಿಗ್ರಿ ಮುಟ್ಟುವುದರಿಂದ ಅಲ್ಲಿನವರು ಯುಗಾದಿಗೆ ಮೊದಲೇ ಇದನ್ನು ಮಾಡಿ ಮುಗಿಸುವುದು ಒಳ್ಳೆಯದು.

ಇನ್ನೂ ವೇಗದ ಹೊಸ ಪೀಳಿಗೆಯ ಪಿಸಿಐಇ 5.0 ಡ್ರೈವ್‌ಗಳನ್ನಂತೂ ಹೀಟ್‌ಸಿಂಕ್ ಇಲ್ಲದೆ ಓಡಿಸಬೇಡಿ. ಕೇಬಲ್ ಮೂಲಕ ಸೇರಿಸುವ 2.5 ಇಂಚಿನ ಹಳೆಯ ಸಾಟಾ ಎಸ್‌ಎಸ್‌ಡಿ ನಿಮ್ಮದಾದರೆ ಇದ್ಯಾವುದರ ಗೊಡವೆಯೂ ಬೇಡ. ಅದರ ವೇಗ ಸೆಕೆಂಡಿಗೆ ಸುಮಾರು 550 ಎಂಬಿ, ಅಷ್ಟಕ್ಕೆ ಅದು ಬಿಸಿಯೇರುವುದು ಅಪರೂಪ.