ಪಡಸಾಲೆಯಿಂದ ಮಾಳಿಗೆಗೆ ಹೋದರೂ ವೈಫೈ ಕಾಲ್ ಕಟ್ ಆಗದಿರಲು

ಧಾರವಾಡ, ಗದಗದ ಹಳೇ ಓಣಿಗಳ ಮನೆ ಗೊತ್ತಲ್ಲ, ದಪ್ಪ ಗೋಡೆ, ಒಂದರ ಹಿಂದೊಂದು ಕೋಣೆ. ಪಡಸಾಲೆಯ ರೂಟರ್ ಸಿಗ್ನಲ್ ಹಿತ್ತಲ ಬಾಗಿಲು ಮುಟ್ಟುವುದೇ ಕಷ್ಟ. ಅದಕ್ಕೇ ಮಾಳಿಗೆಗೊಂದು ರೂಟರ್ ತಂದಿಡುತ್ತೀರಿ. ಆದರೂ ವಾಟ್ಸಾಪ್‌ನಲ್ಲಿ ಮಾತಾಡುತ್ತ ಮೆಟ್ಟಿಲು ಹತ್ತಿದರೆ ಆ ಕಡೆಯವರು ‘ಹಲೋ, ಕೇಳಸಾಕತ್ತೈತೇನು?’ ಅಂತ ಶುರು ಮಾಡುತ್ತಾರೆ.

ಯಾವ ರೂಟರ್ ಹಿಡಿಯಬೇಕು ಅಂತ ತೀರ್ಮಾನಿಸುವುದು ಫೋನು, ರೂಟರ್ ಅಲ್ಲ. ಐಫೋನ್ ಆದರೆ ಸಿಗ್ನಲ್ ಮೈನಸ್ 70 ಡಿಬಿಎಂಗಿಂತ (ಇದು ಸಿಗ್ನಲ್ ಬಲದ ಅಳತೆ) ಕೆಳಗಿಳಿಯುವ ತನಕ ಬೇರೆಯದನ್ನು ಹುಡುಕುವುದೇ ಇಲ್ಲ. ನಾವು ಮಾಡಬೇಕಾದದ್ದು ಅದರ ದಾರಿ ಸಲೀಸು ಮಾಡುವುದು ಅಷ್ಟೇ.

ಮೊದಲು ಮಾಳಿಗೆಯ ರೂಟರ್ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಹಾಕಿ, ಅಂದರೆ ಅದು ವಿಳಾಸ ಹಂಚುವುದು ಬಿಟ್ಟು ವೈಫೈ ಸಿಗ್ನಲ್ ಮಾತ್ರ ಕೊಡುತ್ತದೆ. ಆ ಆಯ್ಕೆ ಇಲ್ಲವೇ? ಹಾಗಾದರೆ ಅದರ ವಿಳಾಸವನ್ನು 192.168.1.2 ಮಾಡಿ (ಕೆಳಗಿನದು 192.168.1.1 ಇದ್ದರೆ), ಡಿಎಚ್‌ಸಿಪಿ (ಫೋನುಗಳಿಗೆ ಐಪಿ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೆಳಗಿನಿಂದ ಬರುವ ಕೇಬಲ್ ಅನ್ನು ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ಲೈನಿನದು) ಬಿಟ್ಟು ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನಗಳದು) ಚುಚ್ಚಿ. ಹೆಚ್ಚಿನವರು ಎಡವುವುದು ಇಲ್ಲೇ. ಎರಡೂ ರೂಟರ್ ಬೇರೆ ಬೇರೆ ಐಪಿ ವಿಳಾಸ ಹಂಚುತ್ತಿದ್ದರೆ ಮೆಟ್ಟಿಲು ಹತ್ತಿದಾಗ ಫೋನಿನ ವಿಳಾಸವೇ ಬದಲಾಗುತ್ತದೆ, ನಡೆಯುತ್ತಿದ್ದ ಕಾಲ್ ತಡವರಿಸುತ್ತದೆ.

ಆಮೇಲೆ ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಮೂರೂ ಎರಡರಲ್ಲೂ ಒಂದೇ ಇರಲಿ. ‘ಮನೆ’, ‘ಮನೆ_ಮೇಲೆ’ ಅಂತೆಲ್ಲ ಬೇಡ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಮಾತ್ರ ಬೇರೆ ಇಡಿ: 1, 6, 11ರಲ್ಲಿ ಒಂದಕ್ಕೊಂದು, ಇನ್ನೊಂದಕ್ಕೆ ಮತ್ತೊಂದು.

ಇನ್ನು ಟ್ರಾನ್ಸ್‌ಮಿಟ್ ಪವರ್, ಅಂದರೆ ರೂಟರ್ ಸಿಗ್ನಲ್ ಬಿಡುವ ಜೋರು. ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನಿಸುತ್ತದೆ ಅಲ್ವಾ? ಆದರೆ ಕೆಳಗಿನ ರೂಟರ್ ಪೂರ್ತಿ ಜೋರಲ್ಲಿದ್ದರೆ ನೀವು ಮಾಳಿಗೆಯ ರೂಟರ್ ಪಕ್ಕದಲ್ಲೇ ಕೂತಿದ್ದರೂ ಫೋನು ಆ ಹಳೇ ಕ್ಷೀಣ ಸಿಗ್ನಲ್ಲನ್ನೇ ಹಿಡಕೊಂಡು ಒದ್ದಾಡುತ್ತಿರುತ್ತದೆ, ಬಿಡುವಷ್ಟು ಕೆಟ್ಟದೂ ಅಲ್ಲ, ಮಾತಾಡುವಷ್ಟು ಚೆಂದವೂ ಅಲ್ಲ ಅನ್ನುವ ಸ್ಥಿತಿ. ಮೀಡಿಯಂಗೆ ಇಳಿಸಿ ನೋಡಿ.

ಸೆಟ್ಟಿಂಗ್‌ನಲ್ಲಿ 802.11ಕೆ, ವಿ, ಆರ್ ಕಂಡರೆ ಆನ್ ಮಾಡಿ. ಹತ್ತಿರದ ರೂಟರ್ ಯಾವುದು ಅಂತ ಫೋನಿಗೆ ತಿಳಿಸುವುದು ಮೊದಲೆರಡರ ಕೆಲಸ. ‘ಆರ್’ ಇದ್ದರೆ ಹೊಸ ರೂಟರ್‌ಗೆ ಸೇರುವಾಗ ಪೂರ್ತಿ ಪರಿಚಯ ಮತ್ತೆ ಬೇಕಾಗುವುದಿಲ್ಲ. ಹಳೇ ಪ್ರಿಂಟರ್ ಕನೆಕ್ಟ್ ಆಗದೆ ಹಟ ಹಿಡಿದರೆ ಮಾತ್ರ ‘ಆರ್’ ತೆಗೆದು ನೋಡಿ.

ಕೇಬಲ್ ಎಳೆಯೋದು ಬೇಡ ಅನ್ನುವವರಿಗೆ ಮೆಶ್ ಕಿಟ್ (ತಂತಿಯಿಲ್ಲದೆ ಒಂದಕ್ಕೊಂದು ಮಾತಾಡುವ ರೂಟರ್‌ಗಳ ಜೋಡಿ) ಇದೆ, ಇದನ್ನೆಲ್ಲ ಬಹುಪಾಲು ತಾನೇ ನೋಡಿಕೊಳ್ಳುತ್ತದೆ. ಆದರೆ ಆ ದಪ್ಪ ಗೋಡೆ ಅದಕ್ಕೂ ಅಡ್ಡವೇ. ನನ್ನ ಕೇಳಿದರೆ ಕೇಬಲ್ಲೇ ವಾಸಿ.

ಕೊನೆಗೆ ಪರೀಕ್ಷೆ. ಫೋನಿನಲ್ಲಿ ಪಿಂಗ್ ಆ್ಯಪ್ ಹಾಕಿ, 192.168.1.1ಕ್ಕೆ ಪಿಂಗ್ ಬಿಟ್ಟು (ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತದಾ ನೋಡುವುದು), ನಿಧಾನಕ್ಕೆ ಮೆಟ್ಟಿಲು ಹತ್ತಿ ಇಳಿಯಿರಿ. ನಡುವೆ ಒಂದೆರಡು ಉತ್ತರ ತಪ್ಪಿದರೆ ಚಿಂತೆಯಿಲ್ಲ. ಹತ್ತಾರು ತಪ್ಪಿದರೆ ಫೋನಿನ ಐಪಿ ವಿಳಾಸ ಬದಲಾಯಿತೇ ನೋಡಿ. ಆಗಿದ್ದರೆ ಮಾಳಿಗೆಯ ಡಿಎಚ್‌ಸಿಪಿ ಇನ್ನೂ ಆನ್ ಇದೆ ಅಂತ ಲೆಕ್ಕ.